ನಾದಿನಿಯ ಹೊಲದಲ್ಲೊಂದು ಮಣ್ಣಿನ ಕಟ್ಟೆ

ಜನವರಿ 18

ನಾದಿನಿಯವರಿಗೆ,

ಹತ್ತು ವರ್ಷದ ಮೇಲೆ ಅತ್ತಿಗೆಯ ಕಾಗದ ಬಂತೆಂದರೆ ಊರಲ್ಲಿ ಯಾರೋ ಹೋದರು ಎಂದು ಗಾಬರಿಯಾಗಬೇಡಿ. ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನಿಮ್ಮಣ್ಣನ ಮಂಡಿ ಮಾತ್ರ ಅವರ ಅಂಗಡಿಗೆ ರಿಪೇರಿಗೆ ಬರುವ ಸೈಕಲ್ಲುಗಳ ಹಾಗೆ ಕಿರುಗುಟ್ಟುತ್ತದೆ. ಬಾಯಿಗೆ ಏನೂ ಆಗಿಲ್ಲ. ಫೋನ್ ಮಾಡೋಣವೆಂದುಕೊಂಡೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟರೆ ಎಂದು ಹೆದರಿ ಕಾಗದ ಹಿಡಿದೆ. ಕಾಗದ ಹರಿದು ಹಾಕುವವರು ಕೂಡ ಮೊದಲು ಒಂದು ಸಲ ಓದುತ್ತಾರೆ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಹೋದ ಮಳೆಗಾಲದಲ್ಲಿ ಹಳ್ಳ ಮೂರು ಸಲ ಕೆಳಗಿನ ಬೀದಿಗೆ ನುಗ್ಗಿತು. ಹೊಲಿಗೆ ಮಿಷನ್ನು ಮೇಜಿನ ಮೇಲೆ, ಮೇಜು ಇಟ್ಟಿಗೆಯ ಮೇಲೆ, ನಾನು ಸ್ಟೂಲಿನ ಮೇಲೆ. ಆ ಎತ್ತರದಲ್ಲಿ ಕೂತು ಹೊಲಿದ ಅಂಗಿಗಳಲ್ಲಿ ಒಂದಕ್ಕೂ ತೋಳು ಸಮ ಬರಲಿಲ್ಲ. ಶಾಲೆಯ ಬೆಂಚುಗಳು ತೇಲಿ ಹೋದವು. ಪಕ್ಕದ ಮನೆಯ ಹಿಂದಿನ ಗೋಡೆ ಕುಸಿದು, ಅಲ್ಲಿನ ಅಜ್ಜಿಯನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ತಂದೆವು. ಸೇತುವೆ ಮುಳುಗಿ ಎರಡು ದಿನ ಬಸ್ಸಿರಲಿಲ್ಲ. ಆಗಲೇ ನಾಲ್ಕು ಮನೆಯವರು ಬೀಗ ಹಾಕಿ ಊರು ಬಿಟ್ಟರು. ಇನ್ನೊಂದು ಮಳೆಗಾಲ ಹೀಗೇ ಆದರೆ ಬೀದಿಗೆ ಬೀದಿಯೇ ಖಾಲಿ.

ಈಗ ನೀರಾವರಿ ಕಚೇರಿಯವರು ಹಳ್ಳಕ್ಕೆ ಅಡ್ಡಲಾಗಿ ಒಂದು ಚಿಕ್ಕ ಮಣ್ಣಿನ ಕಟ್ಟೆ ಮಂಜೂರು ಮಾಡಿದ್ದಾರೆ. ಮೂರಾಳೆತ್ತರ, ಇನ್ನೂರು ಹೆಜ್ಜೆ ಉದ್ದ. ಇದು ನೀರು ತುಂಬಿಸಿಡುವ ಕೆರೆಯಲ್ಲ. ಅಡಿಯಲ್ಲಿ ಒಂದು ಪೈಪು ಸದಾ ತೆರೆದಿರುತ್ತದೆ, ಹಳ್ಳ ಅದರೊಳಗೆ ತನ್ನ ಪಾಡಿಗೆ ಹರಿಯುತ್ತದೆ. ಜೋರು ಮಳೆ ಬಂದಾಗ ಮಾತ್ರ ಹೆಚ್ಚಿನ ನೀರು ಕಟ್ಟೆಯ ಹಿಂದೆ ಎರಡು ದಿನ ನಿಂತು, ನಿಧಾನವಾಗಿ ಇಳಿದು ಹೋಗುತ್ತದೆ. ಮಿಕ್ಕ ದಿನ ಅಲ್ಲಿ ದನ ಮೇಯಬಹುದು.

ಹಳ್ಳ ಕಿರಿದಾಗಿ ಎರಡು ದಿಣ್ಣೆಗಳ ನಡುವೆ ಹಾಯುವ ಜಾಗ ಒಂದೇ. ಅದು ನಿಮ್ಮ ಅಮ್ಮ ನಿಮ್ಮ ಹೆಸರಿಗೆ ಬರೆದಿಟ್ಟ ಹೊಲ. ಅವರ ನೇರಳೆ ಮರ ಕಟ್ಟೆಯ ಪಾಯಕ್ಕೇ ಸಿಕ್ಕುತ್ತದೆ, ಅದನ್ನು ಕಡಿಯಬೇಕಾಗುತ್ತದೆ. ಈ ಸಾಲನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದೆ. ಊರಿನ ಕಟ್ಟೆ ಸಮಿತಿಗೆ ಕಾರ್ಯದರ್ಶಿ ನಾನು, ಅದಕ್ಕೆ ಕೇಳುವ ಕೆಲಸ ನನ್ನ ತಲೆಗೆ ಬಂತು. ಎರಡು ಕಾಗದಕ್ಕೆ ನಿಮ್ಮ ಸಹಿ ಬೇಕು. ಕಟ್ಟೆ ಕಟ್ಟಲು ಈಗ ಒಂದು. ಮಳೆಗಾಲದಲ್ಲಿ ನಿಮ್ಮ ಹೊಲದಲ್ಲಿ ನೀರು ನಿಲ್ಲಲು ಶಾಶ್ವತ ಒಪ್ಪಿಗೆ, ಕೆಲಸ ನಡೆಯುವಾಗ ಹಳ್ಳ ಹರಿಯಲೆಂದು ಕಟ್ಟೆಯ ನಡುವೆ ಬಿಡುವ ಬಾಯಿ ಮುಚ್ಚುವ ಮುಂಚೆ ಇನ್ನೊಂದು.

ನಿಮ್ಮಣ್ಣನಿಗೆ ಹೇಳಿಯೇ ಬರೆಯುತ್ತಿದ್ದೇನೆ. "ಬರಿ, ನಿನ್ನ ಕೈ, ನಿನ್ನ ಪೆನ್ನು," ಅಂದರು.

ಇಂತಿ,
ನಿಮ್ಮ ಅತ್ತಿಗೆ


ಜನವರಿ 30

ಅತ್ತಿಗೆ,

ಹರಿಯಲಿಲ್ಲ. ಮೂರು ಸಲ ಓದಿದೆ. ಮೂರು ಸಲವೂ ಸಿಟ್ಟು ಬಂದದ್ದು ಹೊಲಕ್ಕಲ್ಲ, "ನೀವು" ಎಂದದ್ದಕ್ಕೆ. ನನ್ನ ತಲೆಯ ಹೇನು ಹೆಕ್ಕಿದವರು ನೀವು. ಹತ್ತನೇ ವಯಸ್ಸಿನಲ್ಲಿ ನನಗೆ ಮೆಣಸಿನಕಾಯಿ ಎಂದು ಹೆಸರಿಟ್ಟು ಇಡೀ ಬೀದಿಗೆ ಕಲಿಸಿದವರು ನೀವು. ಈಗ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆದೆನೆಂದು ಮರ್ಯಾದೆ ಕೊಡುತ್ತಿದ್ದೀರೋ, ಅಥವಾ ಸಹಿ ಬೇಕೆಂದೋ?

ಕೆಳಗಿನ ಬೀದಿಗೆ ನೀರು ಬರುವುದು ನನಗೆ ಗೊತ್ತಿಲ್ಲ ಎನ್ನುವ ಹಾಗೆ ಬರೆದಿದ್ದೀರಿ. ಚೆನ್ನಾಗಿ ಗೊತ್ತು. ಸೇತುವೆ ಮುಳುಗುವುದೂ ಗೊತ್ತು.

ಮೊದಲ ಕಾಗದಕ್ಕೆ ಸಹಿ ಮಾಡಿ ಇದರೊಳಗೆ ಇಟ್ಟಿದ್ದೇನೆ. ಒಂದು ಷರತ್ತು. ಮರ ಕಡಿಯಿರಿ. ಆದರೆ ಅದರ ಬುಡದಲ್ಲಿ ತಾವಾಗಿ ಹುಟ್ಟಿದ ಸಸಿಗಳಿರುತ್ತವಲ್ಲ, ಅದರಲ್ಲಿ ಒಂಬತ್ತನ್ನು ಕಟ್ಟೆಯ ಮೇಲೆ ಸಾಲಾಗಿ ನೆಡಬೇಕು. ಅಮ್ಮನ ಹೊಲ ಹೋಗುತ್ತದೆ, ಮರ ಹೋಗುತ್ತದೆ; ಅವಳ ಗುರುತು ಅಂತ ಅಷ್ಟಾದರೂ ಇರಲಿ. ಅಣ್ಣನ ಮಾತು ನನಗೆ ಬೇಡ. ಅಮ್ಮ ಹೋದಾಗ ಅವನು ಬರೆದ ಒಂದೇ ಸಾಲು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ: "ಹೆತ್ತ ತಾಯಿಯ ಮುಖ ನೋಡಲು ಪುರುಸೊತ್ತಾಗದ ತಂಗಿ ನನಗಿಲ್ಲ." ನೆಡುತ್ತೇನೆ ಎಂದು ನೀವು ಬರೆದು ಕೊಡಿ.

ನಿಮ್ಮ ನಾದಿನಿ


ಫೆಬ್ರವರಿ 7

ಮೆಣಸಿನಕಾಯಿ,

ಸಾಕೇ? ಇನ್ನು ಮೇಲೆ ನೀನು, ನೀನು, ನೀನು.

ಒಂಬತ್ತು ಸಸಿ ಏನು ಮಹಾ! ನೆಡುತ್ತೇನೆ. ಇದೋ ಬರೆದು ಕೊಟ್ಟೆ. ಸಮಿತಿಯ ಅಧ್ಯಕ್ಷರು, ಅದೇ ಹಿಟ್ಟಿನ ಗಿರಣಿಯವರು, ನಿನ್ನ ಸಹಿ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಆ ಹುಡುಗಿ ಒಪ್ಪಲ್ಲ ಅಂತ ನಾನು ಬರ್ಕೊಡಕ್ಕೆ ತಯಾರಿದ್ದೆ ಕಣಮ್ಮ," ಅಂದರು. ನಾನು, "ಅವಳು ನಮ್ಮನೆ ಹುಡುಗಿ," ಅಂದೆ. ಹತ್ತು ವರ್ಷದಿಂದ ಆ ಮಾತು ಬಾಯಿಗೆ ಬಂದಿರಲಿಲ್ಲ.

ನಿನ್ನಣ್ಣ ನಿನ್ನ ಕಾಗದ ಓದಲಿಲ್ಲ. ಆದರೆ ಲಕೋಟೆಯ ಮೇಲಿನ ವಿಳಾಸವನ್ನು ಬಹಳ ಹೊತ್ತು ನೋಡಿದರು.

ಅತ್ತಿಗೆ


ಮಾರ್ಚ್ 22

ಮೆಣಸಿನಕಾಯಿ,

ಮರ ಉರುಳಿತು. ನಿನ್ನಣ್ಣ ಅಂಗಡಿ ಮುಚ್ಚಿ ಬಂದು, ಟೋಪಿ ತೆಗೆದು ನಿಂತಿದ್ದರು. ಬೇರನ್ನೆಲ್ಲ ಅಗೆದು ತೆಗೆಯಲು ನಾಲ್ಕು ದಿನ ಹಿಡಿಯಿತು. ಕಚೇರಿಯಿಂದ ಕಳಿಸಿದ ಎಂಜಿನಿಯರಮ್ಮ ಕಿರುಬೆರಳಷ್ಟು ದಪ್ಪದ ಬೇರನ್ನೂ ಬಿಡಲಿಲ್ಲ, ಮೊಣಕಾಲೂರಿ ಹುಡುಕಿದಳು. ನೋಡಲು ಕಾಲೇಜಿನ ಹುಡುಗಿಯ ಹಾಗಿದ್ದಾಳೆ, ಬೈಗುಳ ಮಾತ್ರ ನಲವತ್ತು ವರ್ಷ ಸರ್ವೀಸಿನದು.

ನೀನು ಈ ಕೆಲಸ ನೋಡಬೇಕು. ಮಣ್ಣನ್ನು ಗೇಣು ದಪ್ಪ ಹರಡುವುದು, ನೀರು ಚಿಮುಕಿಸುವುದು, ರೋಲರ್ ಓಡಿಸುವುದು, ಮತ್ತೆ ಗೇಣು ದಪ್ಪ. ನಡುವೆ ಜೇಡಿಮಣ್ಣಿನ ಗೋಡೆ. ಮಣ್ಣು ಒಣಗಿದ್ದರೆ ಕೂಡುವುದಿಲ್ಲ, ಹಸಿ ಹೆಚ್ಚಾದರೆ ಜಾರುತ್ತದೆ. ಅವಳು ಮುಷ್ಟಿಯಲ್ಲಿ ಉಂಡೆ ಮಾಡಿ ಸೊಂಟದೆತ್ತರದಿಂದ ಕೈಬಿಡುತ್ತಾಳೆ. ನಾಲ್ಕೈದು ತುಂಡಾದರೆ ಸರಿ, ಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ಆ ಪದರವನ್ನೇ ಕಿತ್ತು ಹಾಕಿಸುತ್ತಾಳೆ. ಹೋದ ವಾರ ಎರಡು ದಿನದ ಕೆಲಸ ಕೀಳಿಸಿದಳು. ರೋಲರ್ ಡ್ರೈವರ್ ಅಳುವುದೊಂದು ಬಾಕಿ. ನನಗೆ ಅವಳು ಬಹಳ ಹಿಡಿಸಿದ್ದಾಳೆ. ನಾನೂ ಹೊಲಿಗೆ ವಕ್ರವಾದರೆ ಬಿಚ್ಚಿ ಹಾಕುವವಳೇ ತಾನೆ.

ಸಸಿಗಳ ವಿಚಾರ ಕೇಳುತ್ತೀ. ಒಂಬತ್ತೂ ಚಿಗುರಿವೆ. ಬೆಳಿಗ್ಗೆ ಸಂಜೆ ನಾನೇ ನೀರು ಹಾಕುತ್ತಿದ್ದೇನೆ. ಅದರಲ್ಲಿ ಒಂದಕ್ಕೆ ಎಲೆ ಸ್ವಲ್ಪ ಕೆಂಪು. ಬೇರೆ ವಿಶೇಷವಿಲ್ಲ.

ಅತ್ತಿಗೆ


ಏಪ್ರಿಲ್ 6

ಅತ್ತಿಗೆ,

ನಿಮ್ಮ ಕಾಗದ ವಾರ್ಡಿನಲ್ಲಿ ಓದಿದೆ, ಗಟ್ಟಿಯಾಗಿ. ಹದಿನಾಲ್ಕನೇ ಮಂಚದ ಮುದುಕಪ್ಪ, ಕಾಲು ಮುರಿದುಕೊಂಡು ಎರಡು ತಿಂಗಳಿಂದ ಮಲಗಿದ್ದಾನೆ, ದಿನಾ ಕೇಳುತ್ತಾನೆ: "ಸಿಸ್ಟರ್, ನಿಮ್ ಕಟ್ಟೆ ಎಲ್ಲಿಗೆ ಬಂತು?" ಮಣ್ಣುಂಡೆಯ ಪರೀಕ್ಷೆಯನ್ನು ಅವನು ಒಪ್ಪಿದ. ನನಗೆ ಇಲ್ಲಿ ಒಂದು ಹೊಲ ಇದೆ, ಅದರ ಮೇಲೊಂದು ಕಟ್ಟೆ ಏಳುತ್ತಿದೆ, ಅದರ ಮೇಲೆ ನನ್ನಮ್ಮನ ಒಂಬತ್ತು ಮರ ಬೆಳೆಯುತ್ತಿವೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ಇಷ್ಟು ಜಂಬ ನನಗೆ ಯಾವತ್ತೂ ಬಂದದ್ದಿಲ್ಲ.

ಎಲೆ ಕೆಂಪಾದದ್ದಕ್ಕೆ ಹೆದರಬೇಡಿ, ನೇರಳೆಯ ಎಳೆಚಿಗುರು ಹಾಗೇ ಇರುತ್ತದೆ. ರೋಲರ್‌ನವನಿಗೆ ಹೇಳಿ, ಸಸಿಗಳ ಹತ್ತಿರ ಹೋಗದಿರಲಿ.

ಜೂನ್ ಮೊದಲ ವಾರ ರಜೆ ಹಾಕುತ್ತೇನೆ. ಬಂದು, ಸಸಿಗಳ ಸಾಲು ನೋಡಿ, ಅಲ್ಲೇ ನಿಂತು ಎರಡನೇ ಕಾಗದಕ್ಕೆ ಸಹಿ ಮಾಡುತ್ತೇನೆ. ಫೋಟೋ ತೆಗೆಸಬೇಕು. ಮುದುಕಪ್ಪನಿಗೆ ತೋರಿಸುವುದಾಗಿ ಮಾತು ಕೊಟ್ಟಿದ್ದೇನೆ.

ನಿಮ್ಮ ಮೆಣಸಿನಕಾಯಿ


ಏಪ್ರಿಲ್ 28

ಮೆಣಸಿನಕಾಯಿ,

ನೀನು ಬರುವುದೆಂದರೆ ನನಗೆ ಸಂತೋಷವೇ. ಆದರೆ ಜೂನ್ ಅಷ್ಟು ಒಳ್ಳೆಯ ತಿಂಗಳಲ್ಲ. ಧೂಳು ಬಹಳ. ಬಸ್ಸಿನ ಸೀಟು ಹರಿದಿದೆ. ಮನೆಗೆ ಸುಣ್ಣ ಹೊಡೆಸಬೇಕು. ಸಹಿಯನ್ನು ಅಂಚೆಯಲ್ಲೇ ಕಳಿಸಿ, ನೀನು ನಿಧಾನವಾಗಿ ಚಳಿಗಾಲಕ್ಕೆ ಬಂದರೆ ಹೇಗೆ? ಬೇಡವೆನ್ನುತ್ತಿಲ್ಲ, ಸುಮ್ಮನೆ ಕೇಳಿದೆ.

ಸಸಿಗಳು ಚೆನ್ನಾಗಿವೆ.

ಅತ್ತಿಗೆ


ಮೇ 9

ಅತ್ತಿಗೆ,

ಧೂಳು, ಸೀಟು, ಸುಣ್ಣ. ಇಪ್ಪತ್ತಾರು ವರ್ಷದಿಂದ ರೋಗಿಗಳು ನನಗೆ ಸುಳ್ಳು ಹೇಳುತ್ತಿದ್ದಾರೆ, ಮಾತ್ರೆ ನುಂಗಿದೆ ಅಂತ. ನಿಮ್ಮದು ಅದಕ್ಕಿಂತ ಕಳಪೆ.

ನಾನು ಬರುವುದು ಅಣ್ಣನಿಗೆ ಇಷ್ಟವಿಲ್ಲ. ಅಷ್ಟೇ ತಾನೆ? ಹೊಲ ಬೇಕು, ಹೊಲದವಳು ಬೇಡ. ಇದನ್ನು ನೇರವಾಗಿ ಹೇಳುವ ಧೈರ್ಯ ನಿಮಗಿದೆ ಎಂದುಕೊಂಡಿದ್ದೆ.

ಎರಡನೇ ಕಾಗದ ನನ್ನ ಹತ್ತಿರವೇ ಇರಲಿ.

ನಾದಿನಿ


ಮೇ 16

ಮೆಣಸಿನಕಾಯಿ,

ನಿನ್ನಣ್ಣನ ಮೇಲೆ ಪಾಪ ಹೊರಿಸಬೇಡ. ತಪ್ಪು ಪೂರ್ತಿ ನನ್ನದು. ಇವತ್ತು ಒಂದು ಹೊಲಿಗೆಯೂ ಹಾಕದೆ ಕೂತು ಇದನ್ನು ಬರೆಯುತ್ತಿದ್ದೇನೆ.

ಕಟ್ಟೆಯ ಮೇಲೆ ಸಸಿಗಳಿಲ್ಲ. ಒಂಬತ್ತೂ ನಮ್ಮ ಮಾಳಿಗೆಯ ಮೇಲೆ ಎಣ್ಣೆ ಡಬ್ಬಗಳಲ್ಲಿವೆ. ನೀರು ಹಾಕುತ್ತಿದ್ದೇನೆ ಎಂದದ್ದು ನಿಜ, ಚಿಗುರಿವೆ ಎಂದದ್ದೂ ನಿಜ. ಎಲ್ಲಿ ಎಂಬುದನ್ನು ನುಂಗಿಕೊಂಡೆ.

ನಿನಗೆ ಮಾತು ಕೊಟ್ಟ ಮೇಲೆ ಫೆಬ್ರವರಿಯಲ್ಲೇ ಎಂಜಿನಿಯರಮ್ಮನಿಗೆ ಹೇಳಿದೆ. ಅವಳು ಬೈಯಲೂ ಇಲ್ಲ. ನನ್ನನ್ನು ಕೂರಿಸಿ ಮೆಲ್ಲಗೆ ಹೇಳಿದಳು: "ಅಮ್ಮಾ, ಮಣ್ಣಿನ ಕಟ್ಟೆಗೆ ಹುಲ್ಲು ಬೇಕು, ಮರ ಬೇಡ. ಬೇರು ನೀರು ಹುಡುಕ್ಕೊಂಡು ಮಣ್ಣೊಳಗೆ ದಾರಿ ಮಾಡತ್ತೆ. ಎಂದೋ ಮರ ಸಾಯತ್ತೆ. ಬೇರು ಕೊಳೆಯತ್ತೆ, ದಾರಿ ಉಳ್ಕೊಳತ್ತೆ. ನೀರಿಗೆ ಬೆರಳಷ್ಟು ದಾರಿ ಸಿಕ್ಕಿದ್ರೆ ಸಾಕು, ಒಂದು ಮಧ್ಯಾಹ್ನದೊಳಗೆ ಕಟ್ಟೆ ಇರಲ್ಲ." ಕಿರುಬೆರಳ ಬೇರನ್ನೂ ಅವಳು ಯಾಕೆ ಹೆಕ್ಕಿದಳೆಂದು ಆಮೇಲೆ ತಿಳಿಯಿತು.

ನಿನಗೆ ಆಗಲೇ ಬರೆಯಬೇಕಿತ್ತು. ಬರೆದರೆ ಸಹಿ ವಾಪಸು ಕೇಳುತ್ತೀಯೆಂದು ಹೆದರಿದೆ. ಆಮೇಲೆ ನೀನು ಮೆಣಸಿನಕಾಯಿ ಎಂದು ಸಹಿ ಹಾಕಿದೆಯಲ್ಲ, ಆಗ ಬೇರೆ ಹೆದರಿಕೆ ಹಿಡಿಯಿತು. ಹತ್ತು ವರ್ಷದ ಮೇಲೆ ಸಿಕ್ಕಿದವಳು ಮತ್ತೆ ಹೋಗಿಬಿಡುತ್ತಾಳೆಂದು. ಬೀದಿಗಾಗಿ ಸುಳ್ಳು ಹೇಳಿದೆ ಎಂದರೆ ಅರ್ಧ ಸತ್ಯ. ಇನ್ನರ್ಧ ನನ್ನ ಆಸೆಗಾಗಿ ಹೇಳಿದೆ.

ಕಟ್ಟೆ ಮುಗಿದಿದೆ. ನಡುವೆ ಹಳ್ಳಕ್ಕೆ ಬಿಟ್ಟ ಬಾಯಿ ಮಾತ್ರ ಬಾಕಿ. ನಿನ್ನ ಎರಡನೇ ಸಹಿ ಇಲ್ಲದೆ ಅದನ್ನು ಮುಚ್ಚುವಂತಿಲ್ಲ, ಜೂನ್ ಮಧ್ಯದೊಳಗೆ ಮುಚ್ಚದಿದ್ದರೆ ಮೊದಲ ಮಳೆಗೇ ಕಟ್ಟಿದ್ದೆಲ್ಲ ಕೊಚ್ಚಿಕೊಂಡು ಬೀದಿಗೆ ಬರುತ್ತದೆ. ಆದರೂ ನಿನಗೆ ಮನಸ್ಸಿಲ್ಲದಿದ್ದರೆ ಹಾಕಬೇಡ. ಈ ಸಲ ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ಅತ್ತಿಗೆ


ಜೂನ್ 1

ಮೆಣಸಿನಕಾಯಿ,

ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವನು ನಮ್ಮ ಬಾಗಿಲ ಮುಂದೆ ತಲೆ ತಗ್ಗಿಸಿ ದಾಟಿ ಹೋಗುತ್ತಾನೆ, ತಪ್ಪು ಅವನದೆಂಬಂತೆ.

ಕಟ್ಟೆ ಬಾಯಿ ತೆರೆದುಕೊಂಡು ನಿಂತಿದೆ. ನಿನ್ನೆ ಸಮಿತಿಯ ಸಭೆಯಲ್ಲಿ ನಡೆದದ್ದೆಲ್ಲ ಹೇಳಿದೆ. ಗಿರಣಿಯವರು, "ಒಂದು ಸುಳ್ಳು ಹೇಳೋಳು, ಅದನ್ನ ನೆಟ್ಟಗೆ ಕೊನೇವರೆಗೂ ಹೇಳ್ಬಾರ್ದಿತ್ತಾ?" ಅಂತ ಕೂಗಾಡಿದರು. ನಿನ್ನಣ್ಣ ಒಂದು ಉಪಾಯ ತಂದರು. ಡಬ್ಬದ ಸಮೇತ ಸಸಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಹೂತು, ನೀನು ನೋಡಿ ಸಹಿ ಹಾಕಿ ಬಸ್ಸು ಹತ್ತಿದ ಮೇಲೆ ಕೀಳುವುದಂತೆ! ನಲವತ್ತು ಜನ "ಸೈ" ಎಂದರು. ಎಂಜಿನಿಯರಮ್ಮ ಹಣೆ ಹಣೆ ಚಚ್ಚಿಕೊಂಡಳು. ನಾನು ಎದ್ದು ನಿಂತು, "ಇನ್ನೊಂದು ಸುಳ್ಳಿನ ಮೇಲೆ ಕಟ್ಟೆ ಮುಚ್ಚೋದಾದ್ರೆ ನಾನೇ ಬಾಯಲ್ಲಿ ಅಡ್ಡ ಮಲಗ್ತೀನಿ," ಅಂದೆ. ಕಾರ್ಯದರ್ಶಿ ಕೆಲಸ ಬಿಡುತ್ತೇನೆಂದೂ ಹೇಳಿ ಬಂದೆ.

ಮನೆಗೆ ಬರುವಾಗ ನಿನ್ನಣ್ಣ ಕೇಳಿದರು: "ನೀನು ಮಿಷನ್ ಮತ್ತೆ ಮೇಜಿನ ಮೇಲೆ ಇಡ್ತೀಯಾ, ಈಗಲೇ?" ಇಡಲಿಲ್ಲ. ಯಾಕೋ ಕೈ ಬರಲಿಲ್ಲ.

ಅತ್ತಿಗೆ


ಜೂನ್ 5

ಅತ್ತಿಗೆ,

ನಿಮ್ಮ ಕಾಗದ ಬಂದು ಹತ್ತು ನಿಮಿಷವಾಗಿದೆ. ಮೊದಲು ಕೆಲಸದ ಮಾತು. ಎರಡನೇ ಕಾಗದಕ್ಕೆ ಮೇ 21ಕ್ಕೇ ಸಹಿ ಮಾಡಿ, ರಿಜಿಸ್ಟರ್ ಅಂಚೆಯಲ್ಲಿ ನೇರವಾಗಿ ಕಚೇರಿಗೆ ಕಳಿಸಿದ್ದೇನೆ. ಸ್ವೀಕೃತಿ ಚೀಟಿ ನನ್ನ ಕೈಯಲ್ಲಿದೆ, ಇದರ ಜೊತೆ ಇಟ್ಟಿದ್ದೇನೆ. ಎಂಜಿನಿಯರಮ್ಮನನ್ನು ಕರೆದುಕೊಂಡು ಹೋಗಿ ಯಾವ ಮಹಾರಾಯನ ಟೇಬಲ್ಲಿನಲ್ಲಿ ಮಲಗಿದೆಯೋ ಎಬ್ಬಿಸಿ. ಮಿಕ್ಕದ್ದನ್ನು ಬಂದ ಮೇಲೆ ಓದಿ.

ಓದುತ್ತಿದ್ದೀರಾ? ಸರಿ.

ಎಂಜಿನಿಯರಮ್ಮನ ಮಾತು ನನಗೆ ಮೊದಲ ಓದಿಗೇ ಅರ್ಥವಾಯಿತು. ಗಾಯದಿಂದ ಟ್ಯೂಬ್ ತೆಗೆದ ಮೇಲೆ ಅದರ ದಾರಿ ಒಳಗೆ ಉಳಿದು ಕೀವು ತುಂಬುವುದನ್ನು ಎಷ್ಟು ನೋಡಿಲ್ಲ ನಾನು! ಫೆಬ್ರವರಿಯಲ್ಲೇ ಹೇಳಿದ್ದರೆ ಫೆಬ್ರವರಿಯಲ್ಲೇ ಒಪ್ಪುತ್ತಿದ್ದೆ. ಅದಕ್ಕೇ ಸಿಟ್ಟು. ಅದಕ್ಕೇ ನಿಮಗೆ ಬರೆಯಲಿಲ್ಲ. ಎರಡು ವಾರ ಒದ್ದಾಡಲಿ ಎಂದುಕೊಂಡೆ. ಕಚೇರಿಯವರು ತಿಳಿಸಿರುತ್ತಾರೆ, ಕಟ್ಟೆಯ ಬಾಯಿ ಮುಚ್ಚಿರುತ್ತದೆ, ನೀವು ನನ್ನ ಸಿಟ್ಟಿಗೆ ಮಾತ್ರ ಅಳುತ್ತಿರುತ್ತೀರಿ ಎಂದು ಲೆಕ್ಕ ಹಾಕಿದ್ದೆ. ಮಳೆ ಮೊದಲು ಬಂದಿದ್ದರೆ? ಕ್ಷಮಿಸಿ.

ನೀವು ನುಂಗಿಕೊಂಡದ್ದನ್ನು ಕಕ್ಕಿದಿರಿ. ನನ್ನ ಸರದಿ.

ಅಮ್ಮ ಹೋದಾಗ ನಾನು ಬಂದಿದ್ದೆ. ಸುದ್ದಿ ಬಂದ ದಿನವೇ ಹೊರಟೆ. ಬೆಳಿಗ್ಗೆ ಏಳಕ್ಕೆ ಸೇತುವೆಯ ಹತ್ತಿರ ಬಸ್ಸು ನಿಂತಿತು. ಸೇತುವೆ ಕಾಣಲಿಲ್ಲ, ಕೆಂಪು ನೀರು ಮಾತ್ರ. ಆಚೆ ದಡದಲ್ಲಿ ನಮ್ಮ ಬೀದಿಯ ಮಾಳಿಗೆಗಳು ಕಾಣುತ್ತಿದ್ದವು. ಸಂಜೆ ಐದರವರೆಗೆ ಅಲ್ಲಿ ನಿಂತೆ. ಮಧ್ಯಾಹ್ನ ದಿಣ್ಣೆಯ ಕಡೆ ಹೊಗೆ ಎದ್ದದ್ದು ಕಂಡಿತು. ಅದು ಅಮ್ಮ ಎಂದು ಗೊತ್ತಾಯಿತು. ಆಮೇಲೆ ಯಾರನ್ನು ನೋಡಲು ದಾಟಲಿ? ಅದೇ ಬಸ್ಸಿನಲ್ಲಿ ವಾಪಸು ಹೋದೆ.

ಅಣ್ಣನಿಗೆ ಬರೆಯಬೇಕೆಂದು ಪೆನ್ನು ಹಿಡಿದಾಗಲೇ ಅವನ ಆ ಸಾಲು ಬಂತು. ಅಷ್ಟು ಸುಲಭವಾಗಿ ನನ್ನ ಬಗ್ಗೆ ಅದನ್ನು ನಂಬಿದನಲ್ಲ ಎಂದು ಹಟ ಹಿಡಿಯಿತು. ಹೇಳುವುದೇ ಇಲ್ಲವೆಂದು ಕೂತೆ. ಆ ಹಟಕ್ಕೆ ಹತ್ತು ವರ್ಷವಾಯಿತು.

ನಿಮ್ಮ ಮೊದಲ ಕಾಗದದಲ್ಲಿ ಹೊಲ ಕೇಳಿದಿರಿ. ಆ ಹಳ್ಳವನ್ನು ಹಿಡಿದು ನಿಲ್ಲಿಸಲು ನನ್ನ ಹೊಲ ಬೇಕೆಂದು ಓದಿದಾಗ, ಷರತ್ತು ಏನೇ ಹಾಕಿರಲಿ, ಒಳಗೊಳಗೆ ನಾನು ಕುಣಿದಿದ್ದೆ.

ಇದನ್ನು ಅಣ್ಣನಿಗೆ ಓದಿ ಹೇಳಿ. ಬೇಡವೆಂದರೂ ಹೇಳಿ. ಈಗ ರಜೆ ಸಿಕ್ಕುತ್ತಿಲ್ಲ, ವಾರ್ಡು ತುಂಬಿದೆ. ಸಸಿಗಳನ್ನು ಬೀದಿಯಲ್ಲಿ ನೆಡಿ, ಕಟ್ಟೆಯ ಹತ್ತಿರ ಒಂದೂ ಬೇಡ.

ನಿಮ್ಮ ಮೆಣಸಿನಕಾಯಿ


ಜೂನ್ 20

ನನ್ನ ಮೆಣಸಿನಕಾಯಿ,

ಮುಚ್ಚಿತು! ನಿನ್ನ ಕಾಗದ ಬಂದ ಗಳಿಗೆಯಲ್ಲೇ ಎಂಜಿನಿಯರಮ್ಮನೂ ನಾನೂ ಕಚೇರಿಗೆ ಓಡಿದೆವು. ನಿನ್ನ ಲಕೋಟೆ ಒಡೆಯದೆ ಒಂದು ಟ್ರೇಯಲ್ಲಿತ್ತು, ಅದರ ಮೇಲೆ ಚಹದ ಲೋಟ. ಅವಳು ಆ ಗುಮಾಸ್ತನಿಗೆ ಹೇಳಿದ್ದನ್ನು ಕಾಗದದಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ. ಮಾರನೇ ದಿನದಿಂದ ಇಡೀ ಊರು ಕಟ್ಟೆಯ ಮೇಲೆ. ರೋಲರ್ ಹೋಗಲಾಗದ ಪೈಪಿನ ಪಕ್ಕದ ಮಣ್ಣನ್ನು ನಾವು ಹೆಂಗಸರು ಕೈ ದಿಮ್ಮಿಸೆಯಲ್ಲಿ ಬಡಿದೆವು. ಅವಳು ಅಲ್ಲೂ ಎರಡು ಪದರ ಕೀಳಿಸಿದಳು. ಯಾರೂ ಗೊಣಗಲಿಲ್ಲ. ಏಳನೇ ದಿನ ಬಾಯಿ ಮುಚ್ಚಿತು, ಎಂಟನೇ ದಿನ ಮೋಡ ಕಟ್ಟಿತು. ಗಿರಣಿಯವರು ನನ್ನ ರಾಜೀನಾಮೆಯನ್ನು ಮಡಿಸಿ, ಆಡುತ್ತಿದ್ದ ಕುರ್ಚಿಯ ಕಾಲಿನ ಅಡಿಗೆ ಇಟ್ಟುಬಿಟ್ಟರು.

ನಿನ್ನಣ್ಣನಿಗೆ ಓದಿ ಹೇಳಿದೆ. ಅವರು ಒಂದು ಚಕ್ರದ ಕಡ್ಡಿ ಸರಿಮಾಡುತ್ತಿದ್ದರು. "ಸಂಜೆ ಐದರವರೆಗೆ ಅಲ್ಲಿ ನಿಂತೆ" ಎನ್ನುವಲ್ಲಿ ಚಕ್ರ ಕೆಳಗಿಟ್ಟರು. "ಇನ್ನೊಂದು ಸಲ ಓದು," ಅಂದರು. ಓದಿದೆ. "ಇನ್ನೊಂದು ಸಲ," ಅಂದರು. ಆಮೇಲೆ ಎದ್ದು ಹೋಗಿ ಒಂಬತ್ತು ಸಸಿಗಳನ್ನೂ ಮಾಳಿಗೆಯಿಂದ ಇಳಿಸಿ, ಬೀದಿಯಲ್ಲಿ ಗುಂಡಿ ತೋಡಿದರು. ಯಾರನ್ನೂ ಸೇರಿಸಲಿಲ್ಲ. ಅವರು ಅಳುವುದು ಹಾಗೆ.

ಅತ್ತಿಗೆ


ಜುಲೈ 13

ಮೆಣಸಿನಕಾಯಿ, ನಮ್ಮಮ್ಮಾ,

ಗೆದ್ದೆವು!

ಎರಡು ದಿನ ಬಿಡದೆ ಸುರಿಯಿತು. ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಹಳ್ಳ ಕೆಂಪಾಗಿ ಬಂತು. ಹಿಂದೆಲ್ಲ ಹಾಗೆ ಬಂದರೆ ಒಂದು ಗಂಟೆಯಲ್ಲಿ ನಮ್ಮ ಹೊಸ್ತಿಲು ದಾಟುತ್ತಿತ್ತು. ಎಲ್ಲರೂ ಕೊಡೆ, ಗೋಣಿ, ಪ್ಲಾಸ್ಟಿಕ್ಕು ಹೊದ್ದು ದಿಣ್ಣೆಯ ಮೇಲೆ ನಿಂತೆವು. ನಿನ್ನ ಹೊಲ ನಮ್ಮ ಕಣ್ಣೆದುರಿಗೇ ಮುಳುಗಿತು. ಮೊದಲು ಹುಲ್ಲು, ಆಮೇಲೆ ಬೇಲಿ, ಆಮೇಲೆ ಬೇಲಿಯ ಗೂಟದ ತುದಿ. ಈಚೆ ಪೈಪಿನ ಬಾಯಲ್ಲಿ ಮಾತ್ರ ಹಳ್ಳ ಎಂದಿನಷ್ಟೇ ದಪ್ಪ. ಆಚೆ ಸಮುದ್ರ, ಈಚೆ ನಮ್ಮ ಹಳೇ ಹಳ್ಳ. ನಾನು ಆಚೆ ಈಚೆ ನೋಡಿ ನೋಡಿ ಕತ್ತು ನೋಯಿಸಿಕೊಂಡೆ.

ಹನ್ನೊಂದಕ್ಕೆ ರೋಲರ್ ಡ್ರೈವರ್ ಕೂಗಿಕೊಂಡ. ಕಟ್ಟೆಯ ಈಚೆ ಮೈಯಲ್ಲಿ, ಬುಡದ ಹತ್ತಿರ, ನೀರು ಜಿನುಗುತ್ತಿತ್ತು. ಸರಿಯಾಗಿ ನಿನ್ನಮ್ಮನ ಮರ ಇದ್ದ ಜಾಗ. ಗಿರಣಿಯವರು, "ಓಡ್ರಪ್ಪಾ," ಎಂದು ಶುರುಮಾಡಿದ್ದರು. ಎಂಜಿನಿಯರಮ್ಮ ಇಳಿಜಾರಿನಲ್ಲಿ ಕೂತುಕೊಂಡೇ ಜಾರಿ ಇಳಿದಳು. "ಲೋಟ ಕೊಡಿ!" ಅಂದಳು. ನನ್ನ ಚಹದ ಸ್ಟೀಲ್ ಲೋಟ ಕೊಟ್ಟೆ. ಜಿನುಗಿದ್ದನ್ನು ಹಿಡಿದು ನನ್ನ ಮುಖದ ಮುಂದೆ ತಂದಳು. "ತಳ ಕಾಣತ್ತಾ?" ಕಂಡಿತು. ಲೋಟದ ತಳದ ಗೀರು ಕೂಡ ಕಂಡಿತು. "ಕೆಂಪಗಿದ್ರೆ ಮಣ್ಣು ತರ್ತಿದೆ ಅಂತ, ಓಡ್ಬೇಕು. ತಿಳಿ ಇದೆ. ಸೋಸಿ ಬರ್ತಿದೆ ಅಷ್ಟೆ. ಕಟ್ಟೆ ಗಟ್ಟಿಯಿದೆ ಅಮ್ಮಾ," ಅಂದಳು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು, ಪಾಪ ಹುಡುಗಿ. ಗಂಟೆಗೊಂದು ಲೋಟ ಹಿಡಿದೆವು. ಒಂಬತ್ತು ಲೋಟವೂ ತಿಳಿ.

ಮಧ್ಯಾಹ್ನ ಎರಡಕ್ಕೆ ನೀರು ಅತಿ ಎತ್ತರಕ್ಕೆ ಬಂತು. ಕಟ್ಟೆ ತುಂಬಿದರೆ ನೀರು ಹೊರಬೀಳಲೆಂದು ಮಾಡಿದ ಕೋಡಿಗೆ ಇನ್ನೂ ಒಂದಾಳು ಬಾಕಿ ಇರುವಾಗ ನಿಂತಿತು. ನಿಂತೇಬಿಟ್ಟಿತು! ಗಿರಣಿಯವರು ನನ್ನನ್ನು ಎತ್ತಿಕೊಳ್ಳಲು ಬಂದರು, ಅವರ ಹೆಂಡತಿ ತಡೆದರು. ನಾನು ಮನೆಗೆ ಓಡಿಹೋಗಿ, ನೆಲದ ಮೇಲೇ ಇದ್ದ ಮಿಷನ್ನಿಗೆ ದಾರ ಪೋಣಿಸಿ, ಹಳ್ಳ ಉಕ್ಕುತ್ತಿರುವಾಗಲೇ ಪಕ್ಕದ ಮನೆಯ ಅಜ್ಜಿಗೆ ಒಂದು ಅಂಗಿ ಹೊಲಿದೆ. ಎರಡು ತೋಳೂ ಸಮ.

ನಿನ್ನಣ್ಣ ದಿಣ್ಣೆಯ ಮೇಲಿರಲಿಲ್ಲ. ಎಲ್ಲರೂ ಕಟ್ಟೆ ನೋಡುತ್ತಿದ್ದರೆ ಅವರು ಬೆಳಿಗ್ಗೆ ಏಳಕ್ಕೇ ಕೊಡೆ ಹಿಡಿದು ಸೇತುವೆಗೆ ಹೋಗಿದ್ದರಂತೆ. ಕುಂಟುವ ಮಂಡಿಯಲ್ಲಿ ನಡುಸೇತುವೆಯಲ್ಲಿ ನಿಂತು ಕೆಳಗೆ ನೋಡುತ್ತಿದ್ದರಂತೆ. ಮೂರು ಬಸ್ಸು ಆಚೆಯಿಂದ ಬಂದವು, ಮೂರೂ ಈಚೆ ದಾಟಿದವು. ಡ್ರೈವರುಗಳು ಹಾರನ್ ಹೊಡೆದರೂ ನಡುವಿನಿಂದ ಕದಲಲಿಲ್ಲವಂತೆ, ಅವರೇ ಪಕ್ಕಕ್ಕೆ ಹಾಯಿಸಿಕೊಂಡು ಹೋದರಂತೆ.

ಸಂಜೆ ಐದು ಹೊಡೆದ ಮೇಲೆ ಮನೆಗೆ ಬಂದರು. ಮೈಯೆಲ್ಲ ತೊಯ್ದು ತೊಪ್ಪೆ. ಟವಲು ಕೊಟ್ಟೆ, ತೆಗೆದುಕೊಳ್ಳಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು:

"ಸೇತುವೆ ಮುಳುಗ್ಲೇ ಇಲ್ಲ ಕಣೇ. ಅವಳಿಗೆ ಬರಿ. ದಾರಿ ಇದೆ ಅಂತ ಬರಿ."

ಬರೆದಿದ್ದೇನೆ.

ಅತ್ತಿಗೆ


ಜುಲೈ 21

ಅತ್ತಿಗೆ,

ನನ್ನ ಹೊಲ ಮುಳುಗಿತೆಂದು ಇಡೀ ವಾರ್ಡಿಗೆ ಸಿಹಿ ಹಂಚಿದೆ. ಹೊಸದಾಗಿ ಬಂದ ಡಾಕ್ಟರು ನನಗೆ ಏನೋ ಆಗಿದೆ ಎಂದುಕೊಂಡರು. ಮುದುಕಪ್ಪ ಈಗ ಕೋಲು ಹಿಡಿದು ನಡೆಯುತ್ತಾನೆ; ಲೋಟದ ಪ್ರಸಂಗವನ್ನು ನಾಲ್ಕು ಸಲ ಓದಿಸಿ, "ತಿಳಿ ಇತ್ತಾ? ತಿಳಿ ಇತ್ತಲ್ಲ?" ಎಂದು ಪ್ರತಿ ಸಲವೂ ಕೇಳಿದ.

ಅಣ್ಣನ ಮಾತಿನವರೆಗೆ ಚೆನ್ನಾಗಿಯೇ ಓದಿದೆ. ಅಲ್ಲಿಂದ ಮುಂದೆ ಆಗಲಿಲ್ಲ.

ಇಲ್ಲಿ ರೇಡಿಯೋದಲ್ಲಿ ಶನಿವಾರ, ಭಾನುವಾರ ನಿಮ್ಮ ಕಡೆ ಜೋರು ಮಳೆ ಎಂದಿದ್ದಾರೆ. ಮೇಟ್ರನ್ ಬಂದು, "ಮಳೆ ನಿಂತ ಮೇಲೆ ಹೋಗು," ಎಂದರು. ನಾನು ಆಗುವುದಿಲ್ಲವೆಂದೆ. ಮಳೆ ನೋಡಿಕೊಂಡೇ ರಜೆ ಹಾಕಿದ್ದೇನೆ. ಶನಿವಾರ ಬೆಳಿಗ್ಗೆ ಏಳರ ಬಸ್ಸಿಗೆ ಅಲ್ಲಿರುತ್ತೇನೆ.

ಬಸ್ಸನ್ನು ಸೇತುವೆಯ ಈಚೆ ದಡದಲ್ಲೇ ನಿಲ್ಲಿಸಿ ಇಳಿದುಬಿಡುತ್ತೇನೆ. ಅಣ್ಣನಿಗೆ ಹೇಳಿ, ಎದುರಿಗೆ ಬರುವುದು ಬೇಡ, ಊರಿನ ದಡದಲ್ಲಿ ನಿಂತಿರಲಿ. ಹಳ್ಳ ಎಷ್ಟು ಬೇಕಾದರೂ ಉಕ್ಕಲಿ. ನಾನು ನಡೆದುಕೊಂಡೇ ದಾಟಿ ಬರುತ್ತೇನೆ.

ನಿಮ್ಮ ಮೆಣಸಿನಕಾಯಿ